ಬೈಕಿನ ಕನ್ನಡಿಗೆ ಕಾಣದ ಜಾಗ: ಹೋಟೆಲು ಮಾಲಕರು ತಿಳಿದಿರಬೇಕಾದ ವಿಷಯ



ನಮ್ಮ ಈ ಪತ್ರಿಕೆಯಲ್ಲಿ ಹೆಚ್ಚಾಗಿ ಗ್ಯಾಸಿನ ದರ, ಲೈಸನ್ಸ್ ನವೀಕರಣ, ಜಿ.ಎಸ್.ಟಿ., ಎಣ್ಣೆ-ಬೇಳೆಯ ಬೆಲೆ ಇಂತಹ ವಿಷಯಗಳೇ ಬರುತ್ತವೆ. ಈ ಸಲ ನಾವು ಬೈಕಿನ ಕನ್ನಡಿಯ ಬಗ್ಗೆ ಬರೆಯುತ್ತಿದ್ದೇವೆ. ಹೋಟೆಲಿಗೂ ಬೈಕಿನ ಕನ್ನಡಿಗೂ ಏನು ಸಂಬಂಧ ಎಂದು ಕೇಳಬಹುದು. ಇಂದು ಪಾರ್ಸೆಲ್ ಇಲ್ಲದ ಹೋಟೆಲು ಯಾವುದಿದೆ? ಬೆಳಿಗ್ಗೆ ತರಕಾರಿ, ಹಾಲು ತರುವುದರಿಂದ ಹಿಡಿದು ರಾತ್ರಿ ಹನ್ನೊಂದರ ಕೊನೆಯ ಆರ್ಡರ್ ಮುಟ್ಟಿಸುವ ತನಕ ನಮ್ಮ ವ್ಯಾಪಾರದ ಅರ್ಧ ಭಾಗ ಎರಡು ಚಕ್ರದ ಮೇಲೆಯೇ ಓಡುತ್ತಿದೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಶೇ. 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು. ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ನಮ್ಮ ಹೋಟೆಲಿನ ಹುಡುಗನೊಬ್ಬ ಆ ಲೆಕ್ಕಕ್ಕೆ ಸೇರುವುದರಿಂದ ಸ್ವಲ್ಪದರಲ್ಲೇ ಉಳಿದುಕೊಂಡ.

ನಡೆದ ಸಂಗತಿ

ನಮ್ಮ ಹೋಟೆಲು ಥಾಣೆಯಲ್ಲಿದೆ. ಆ ದಿನ ಮಧ್ಯಾಹ್ನ ಸಣ್ಣ ಮಳೆ ಹನಿಯುತ್ತಿತ್ತು. ನಾಲ್ಕು ಊಟದ ಪಾರ್ಸೆಲ್ ಹಿಡಿದು ಹೊರಟ ಹುಡುಗ ರಸ್ತೆಯ ಎಡಬದಿಯಲ್ಲಿ ಹೋಗುತ್ತಿದ್ದ. ಮುಂದಿನ ರಿಕ್ಷಾ ಪ್ಯಾಸೆಂಜರ್‌ಗಾಗಿ ತಟ್ಟನೆ ನಿಂತಿತು. ಹುಡುಗ ಬಲಗಡೆಯ ಕನ್ನಡಿ ನೋಡಿದ, ಯಾರೂ ಕಾಣಲಿಲ್ಲ, ಇಂಡಿಕೇಟರ್ ಹಾಕಿ ಬಲಕ್ಕೆ ತಿರುಗಿಸಿದ. ಬಲಮಗ್ಗುಲಲ್ಲೇ ಬರುತ್ತಿದ್ದ ಟೆಂಪೋ ಹ್ಯಾಂಡಲಿಗೆ ತಾಗಿ ಕೆಡವಿತು. ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು. ಭುಜದ ಎಲುಬು ಮುರಿದು ಮೂರು ತಿಂಗಳು ಕೈ ಎತ್ತಲಾಗಲಿಲ್ಲ.

ಆಸ್ಪತ್ರೆಯಲ್ಲಿ ಅವನು ಒಂದೇ ಮಾತು ಹೇಳುತ್ತಿದ್ದ: "ಅಣ್ಣಾ, ನಾನು ಕನ್ನಡಿ ನೋಡಿದ್ದೆ. ದೇವರಾಣೆ ಯಾರೂ ಇರಲಿಲ್ಲ." ನಾವು ನಂಬಲಿಲ್ಲ. ಮೊಬೈಲು ನೋಡುತ್ತಾ ಹೋಗಿರಬೇಕು ಎಂದುಕೊಂಡು ಆ ನೋವಿನಲ್ಲೂ ಬೈದೆವು. ಊರಿನಿಂದ ಅವನ ತಾಯಿ ಫೋನ್ ಮಾಡಿ ಅತ್ತಾಗಲೂ ನಮ್ಮ ಬಾಯಲ್ಲಿ ಬಂದದ್ದು, "ಅಮ್ಮಾ, ನಿಮ್ಮ ಮಗ ಸರಿಯಾಗಿ ನೋಡಿ ಬಿಡಬೇಕಿತ್ತು" ಎಂಬ ಮಾತು.

ನಾಲ್ಕು ದಿನ ಕಳೆದು ಬೈಕು ಗ್ಯಾರೇಜಿನಿಂದ ಬಂತು. ಬಲಗಡೆಯ ಕನ್ನಡಿ ಒಡೆದಿರಲಿಲ್ಲ, ಮೊದಲು ಇದ್ದಂತೆಯೇ ಇತ್ತು. ನಾವೇ ಸೀಟಿನಲ್ಲಿ ಕುಳಿತು ನೋಡಿದೆವು. ಅದರಲ್ಲಿ ಕಂಡದ್ದು ನಮ್ಮ ಮೊಣಕೈ, ತೋಳು ಮತ್ತು ಸ್ವಲ್ಪ ಆಕಾಶ. ರಸ್ತೆಗೆ ಉಳಿದದ್ದು ಒಂದು ಬೆರಳಿನಷ್ಟು ಜಾಗ. ಕನ್ನಡಿಯ ನಟ್ ಸಡಿಲವಾಗಿದೆ ಎಂದು ಆ ಹುಡುಗ ಎರಡು ಸಲ ಹೇಳಿದ್ದ. ಸರ್ವಿಸಿಂಗಿಗೆ ಕೊಡುವಾಗ ನೋಡೋಣ ಎಂದವರು ನಾವೇ. ಹುಡುಗ ಸುಳ್ಳು ಹೇಳಿರಲಿಲ್ಲ. ಅವನ ಕನ್ನಡಿಯಲ್ಲಿ ನಿಜವಾಗಿಯೂ ಯಾರೂ ಇರಲಿಲ್ಲ.

ಕಂಬದ ಹಿಂದಿನ ಟೇಬಲ್

ನಾವು ಗಲ್ಲಾದಲ್ಲಿ ಕುಳಿತರೆ ಇಡೀ ಹಾಲ್ ಕಾಣುತ್ತದೆ. ಆದರೆ ಕಂಬದ ಹಿಂದೆ ಒಂದು ಟೇಬಲ್ ಇರುತ್ತದೆ. ಅಲ್ಲಿನ ಗಿರಾಕಿ ಹತ್ತು ನಿಮಿಷ ಕೈ ಎತ್ತಿ ಕುಳಿತರೂ ನಮಗೆ ಗೊತ್ತಾಗುವುದಿಲ್ಲ. ಬೈಕಿನವನಿಗೂ ಹೀಗೆಯೇ. ಎದುರು ನೋಡುತ್ತಿರುವ ಕಣ್ಣಿಗೆ ಅಕ್ಕಪಕ್ಕದ್ದು ಸ್ವಲ್ಪ ಮಟ್ಟಿಗೆ ಕಾಣುತ್ತದೆ, ಕನ್ನಡಿಗೆ ಹಿಂದಿನದ್ದು ಕಾಣುತ್ತದೆ. ಇವೆರಡರ ನಡುವೆ, ಹಿಂದಿನ ಚಕ್ರದ ಆಚೀಚೆ ಓರೆಯಾಗಿ, ಕಣ್ಣಿಗೂ ಇಲ್ಲದ ಕನ್ನಡಿಗೂ ಇಲ್ಲದ ಒಂದು ಜಾಗ ಉಳಿಯುತ್ತದೆ. ಅದನ್ನೇ ಬ್ಲೈಂಡ್ ಸ್ಪಾಟ್ ಎನ್ನುತ್ತಾರೆ.

ನಮಗಿಂತ ಬಹಳ ವೇಗವಾಗಿ ಬರುವ ಗಾಡಿ ಈ ಜಾಗವನ್ನು ಒಂದು ಕ್ಷಣದಲ್ಲಿ ದಾಟಿ ಕಣ್ಣೆದುರು ಬಂದುಬಿಡುತ್ತದೆ. ಅಪಾಯ ಹೆಚ್ಚು ಇರುವುದು ನಮ್ಮಷ್ಟೇ ವೇಗದಲ್ಲಿ ಬರುವ ಗಾಡಿಯಿಂದ. ಅದು ಕಂಬದ ಹಿಂದೆ ಕುಳಿತ ಗಿರಾಕಿಯ ಹಾಗೆ ಅಲ್ಲೇ ಉಳಿದುಬಿಡುತ್ತದೆ. ಮುಂಬಯಿ-ಥಾಣೆಯ ಟ್ರಾಫಿಕ್ಕಿನಲ್ಲಿ ಎಲ್ಲರೂ ಹೆಚ್ಚು ಕಡಿಮೆ ಒಂದೇ ವೇಗದಲ್ಲಿ ತೆವಳುತ್ತಿರುತ್ತಾರೆ ಎಂಬುದನ್ನು ನೆನಪಿಡಬೇಕು.

ಇನ್ನೊಂದು ವಿಷಯ. ನಾವು ಹಗಲು ಟೇಬಲ್ ಒರೆಸಿ ರಾತ್ರಿ ಶಾಲೆಯಲ್ಲಿ ಹತ್ತನೆಯ ತನಕ ಓದಿದವರು. ಅಲ್ಲಿ ಮಾಸ್ತರರು ಪೀನ ದರ್ಪಣ, ನಿಮ್ನ ದರ್ಪಣ ಎಂದು ಪಾಠ ಮಾಡಿದ್ದರು. ಆಗ ತಲೆಗೆ ಹೋಗಿರಲಿಲ್ಲ. ಸ್ಟೀಲಿನ ಸೌಟನ್ನು ತಿರುಗಿಸಿ ಅದರ ಬೆನ್ನಿನಲ್ಲಿ ಮುಖ ನೋಡಿ, ಮುಖ ಚಿಕ್ಕದಾಗಿ, ದೂರದಲ್ಲಿದ್ದ ಹಾಗೆ ಕಾಣುತ್ತದೆ, ಆದರೆ ಹಿಂದಿನ ಅಡಿಗೆಮನೆಯೆಲ್ಲ ಅದರಲ್ಲಿ ಕಾಣುತ್ತದೆ. ಅದೇ ಪೀನ ದರ್ಪಣ. ಬೈಕಿನ ಕನ್ನಡಿಯೂ ಸಾಮಾನ್ಯವಾಗಿ ಹೀಗೆ ಸ್ವಲ್ಪ ಉಬ್ಬಿರುತ್ತದೆ. ಹೆಚ್ಚು ಜಾಗ ತೋರಿಸುತ್ತದೆ, ಆದರೆ ಹಿಂದಿನ ಲಾರಿಯನ್ನು ಇರುವುದಕ್ಕಿಂತ ದೂರ ಎಂದು ತೋರಿಸುತ್ತದೆ. ಕನ್ನಡಿಯಲ್ಲಿ ದೂರ ಕಂಡದ್ದನ್ನು ಹತ್ತಿರ ಎಂದೇ ತಿಳಿದು ನಡೆಯಬೇಕು.

ಹೋಟೆಲಿನ ಬೈಕಿನ ಕಷ್ಟ

ಸ್ವಂತ ಬೈಕಿನವನು ಕನ್ನಡಿಯನ್ನು ಒಮ್ಮೆ ತನ್ನ ಎತ್ತರಕ್ಕೆ ಹೊಂದಿಸಿಕೊಂಡರೆ ಮುಗಿಯಿತು. ಹೋಟೆಲಿನ ಬೈಕು ಹಾಗಲ್ಲ. ಬೆಳಿಗ್ಗೆ ಮಾರ್ಕೆಟಿಗೆ ಒಬ್ಬ, ಮಧ್ಯಾಹ್ನ ಪಾರ್ಸೆಲಿಗೆ ಇನ್ನೊಬ್ಬ, ರಾತ್ರಿ ಮತ್ತೊಬ್ಬ. ಒಬ್ಬ ಆರಡಿ, ಒಬ್ಬ ಐದಡಿ. ಆರಡಿಯವನಿಗೆ ರಸ್ತೆ ತೋರಿಸುವ ಕನ್ನಡಿ ಐದಡಿಯವನಿಗೆ ಆಕಾಶ ತೋರಿಸುತ್ತದೆ. ಮೇಲಿಂದ ಪಾರ್ಕಿಂಗಿನಲ್ಲಿ ಪಕ್ಕದವನು ತನ್ನ ಗಾಡಿ ತೆಗೆಯಲು ನಮ್ಮ ಕನ್ನಡಿಯನ್ನು ಒಳಕ್ಕೆ ತಿರುಗಿಸಿ ಹೋಗಿರುತ್ತಾನೆ. ಆದುದರಿಂದ ನಮ್ಮಲ್ಲಿ ಈಗ ಒಂದೇ ನಿಯಮ: ಕೀ ತಿರುಗಿಸುವ ಮೊದಲು ಕನ್ನಡಿ ತಿರುಗಿಸಬೇಕು.

ಕನ್ನಡಿ ಹೊಂದಿಸುವ ಕ್ರಮ

1. ಓಡಿಸುವಾಗ ಹೇಗೆ ಕುಳಿತುಕೊಳ್ಳುತ್ತಾರೋ ಹಾಗೆಯೇ, ಹೆಲ್ಮೆಟ್ ಹಾಕಿಕೊಂಡು ಕುಳಿತುಕೊಳ್ಳಬೇಕು. ನಿಂತು ಬಗ್ಗಿ ನೋಡಿ ಹೊಂದಿಸಿದರೆ ಪ್ರಯೋಜನವಿಲ್ಲ.

2. ಕನ್ನಡಿಯ ಒಳ ಅಂಚಿನಲ್ಲಿ ನಮ್ಮ ಮೊಣಕೈ ಅಥವಾ ತೋಳಿನ ತುದಿ ಕೂದಲೆಳೆಯಷ್ಟು ಮಾತ್ರ ಕಾಣಬೇಕು. ನಮ್ಮ ತೋಳನ್ನು ನಾವು ನೋಡುವ ಅಗತ್ಯವಿಲ್ಲ, ಪಕ್ಕದ ಲೇನನ್ನು ನೋಡಬೇಕು.

3. ದೂರದಲ್ಲಿ ರಸ್ತೆ ಮತ್ತು ಆಕಾಶ ಸೇರುವ ಗೆರೆ ಕನ್ನಡಿಯ ನಡುಮಧ್ಯೆ ಬರಬೇಕು. ಅರ್ಧಕ್ಕಿಂತ ಹೆಚ್ಚು ಆಕಾಶ ಕಂಡರೆ ಕನ್ನಡಿಯನ್ನು ಕೆಳಕ್ಕೆ ಬಾಗಿಸಬೇಕು.

4. ಎರಡೂ ಕನ್ನಡಿ ಇರಲೇಬೇಕು. ಶೋಕಿಗೆಂದೋ, ಗಲ್ಲಿಯಲ್ಲಿ ತಾಗುತ್ತದೆಂದೋ ಎಡಗಡೆಯದನ್ನು ತೆಗೆದಿಡುವ ಹುಡುಗರಿದ್ದಾರೆ. ನಮ್ಮ ಊರುಗಳಲ್ಲಿ ಎಡದಿಂದ ನುಗ್ಗುವವರೇನೂ ಕಡಿಮೆಯಿಲ್ಲ.

5. ಗಾಡಿ ಓಡುವಾಗ ಕನ್ನಡಿ ನಡುಗುತ್ತಿದ್ದರೆ, ತಾನಾಗಿ ತಿರುಗುತ್ತಿದ್ದರೆ, ಬುಡದ ನಟ್ ಬಿಗಿಮಾಡಿಸಬೇಕು. ಕೆಲವು ಕಂಪನಿಯ ಬೈಕುಗಳಲ್ಲಿ ಬಲಗಡೆಯದಕ್ಕೆ ಉಲ್ಟಾ ಮರೆ ಇರುತ್ತದೆ, ಬಲ ಹಾಕಿ ತಿರುಗಿಸಿ ಹಾಳುಮಾಡಬೇಡಿ. ಮೆಕ್ಯಾನಿಕ್ಕನಿಗೆ ಇದು ಎರಡು ನಿಮಿಷದ ಕೆಲಸ.

ಗಲ್ಲಿಯಲ್ಲಿ ಮಾಡಿ ನೋಡುವ ಪರೀಕ್ಷೆ

ಇದನ್ನು ನಾವು ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಮಧ್ಯಾಹ್ನ ಮೂರಕ್ಕೆ ಗಿರಾಕಿ ಕಡಿಮೆ ಇರುವಾಗ ಮಾಡಿದೆವು. ಬೈಕನ್ನು ನಡುಸ್ಟ್ಯಾಂಡಿನಲ್ಲಿ ನಿಲ್ಲಿಸಿ ಒಬ್ಬನನ್ನು ಕೂರಿಸಿ. ಇನ್ನೊಬ್ಬ ಹಿಂದಿನಿಂದ, ಬೈಕಿಗೆ ಒಂದು ಮಾರು ದೂರದಲ್ಲಿ, ನಿಧಾನವಾಗಿ ಮುಂದಕ್ಕೆ ನಡೆದು ಬರಲಿ. ಕುಳಿತವನು ತಲೆ ತಿರುಗಿಸದೆ ಕನ್ನಡಿ ಮಾತ್ರ ನೋಡಬೇಕು. ನಡೆಯುವವನು ಕನ್ನಡಿಯಿಂದ ಮಾಯವಾದ ಕೂಡಲೇ "ಹೋದ" ಎನ್ನಬೇಕು. ಅಲ್ಲಿ ಚಾಕ್‌ಪೀಸಿನಿಂದ ಗೆರೆ ಎಳೆಯಿರಿ. ಮತ್ತೆ ಅವನು ಎದುರು ನೋಡುತ್ತಿರಲಿ. ಕಣ್ಣಂಚಿಗೆ ಆಳು ಕಂಡಾಗ "ಬಂದ" ಎನ್ನಲಿ. ಅಲ್ಲಿ ಇನ್ನೊಂದು ಗೆರೆ. ಎರಡು ಗೆರೆಗಳ ನಡುವಿನದ್ದೇ ಕಾಣದ ಜಾಗ.

ಅಪಘಾತದ ದಿನ ಕನ್ನಡಿ ಇದ್ದ ಹಾಗೆಯೇ ಇಟ್ಟು ನೋಡಿದಾಗ ಆ ಜಾಗ ಎಂಟು ಹೆಜ್ಜೆ ಬಂತು. ಎರಡು ರಿಕ್ಷಾ ಒಂದರ ಹಿಂದೆ ಒಂದು ನಿಲ್ಲುವಷ್ಟು ಉದ್ದ! ಕನ್ನಡಿಯನ್ನು ಹೊರಕ್ಕೆ ತಿರುಗಿಸಿ ಸರಿಮಾಡಿದ ಮೇಲೆ ಮೂರು ಹೆಜ್ಜೆಗೆ ಇಳಿಯಿತು. ನಮ್ಮ ಹುಡುಗರು ಆ ಗೆರೆಗಳನ್ನು ನೋಡಿ ಮಾತಾಡದೆ ನಿಂತರು. ನೂರು ಸಲ ಬಾಯಲ್ಲಿ ಹೇಳಿದ್ದು ಒಂದು ಚಾಕ್‌ಪೀಸಿನ ಗೆರೆಯಷ್ಟು ನಾಟಿರಲಿಲ್ಲ.

ದೊಡ್ಡ ಕನ್ನಡಿಯ ಮೂಲೆಗೆ ಅಂಟಿಸುವ ಚಿಕ್ಕ ಗೋಲ ಕನ್ನಡಿಗಳು ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ. ಅವು ಹೆಚ್ಚು ಉಬ್ಬಿರುವುದರಿಂದ ಪಕ್ಕದ್ದನ್ನೂ ತೋರಿಸುತ್ತವೆ. ನಾವು ಹಾಕಿಸಿದ್ದೇವೆ. ಆದರೆ ಅದರಲ್ಲಿ ಎಲ್ಲವೂ ಬಹಳ ಚಿಕ್ಕದಾಗಿ ಕಾಣುತ್ತದೆ. ಪಕ್ಕದಲ್ಲಿ ಯಾರೋ ಇದ್ದಾರೆ ಎಂದು ತಿಳಿಯಲು ಅದು ಸಾಕು, ಎಷ್ಟು ದೂರದಲ್ಲಿದ್ದಾರೆ ಎಂದು ತಿಳಿಯಲು ಅದನ್ನು ನಂಬಬಾರದು.

ಉಳಿದ ಮೂರು ಹೆಜ್ಜೆಗೆ ಕತ್ತು

ಎಂತಹ ಕನ್ನಡಿ ಹಾಕಿದರೂ ಆ ಮೂರು ಹೆಜ್ಜೆ ಉಳಿದೇ ಉಳಿಯುತ್ತದೆ. ಅದಕ್ಕೆ ದೇವರು ಕೊಟ್ಟ ಕತ್ತೇ ಮದ್ದು. ಪಕ್ಕಕ್ಕೆ ಸರಿಯುವ ಮೊದಲು ಕನ್ನಡಿ ನೋಡಬೇಕು, ಇಂಡಿಕೇಟರ್ ಹಾಕಬೇಕು, ಗಲ್ಲ ಭುಜಕ್ಕೆ ತಾಗುವ ಹಾಗೆ ಒಮ್ಮೆ ಚಕ್ಕನೆ ತಿರುಗಿ ನೋಡಬೇಕು, ಆಮೇಲೆಯೇ ಹ್ಯಾಂಡಲ್ ಸರಿಸಬೇಕು. ಬ್ರಿಟನ್ನಿನಲ್ಲಿ ಬೈಕು ಕಲಿಸುವಾಗ ಈ ಕೊನೆಯ ನೋಟಕ್ಕೆ 'ಲೈಫ್‌ಸೇವರ್', ಅಂದರೆ ಜೀವ ಉಳಿಸುವ ನೋಟ ಎಂದೇ ಹೆಸರಿಟ್ಟಿದ್ದಾರೆ.

ಒಂದು ಎಚ್ಚರಿಕೆ ಬೇಕು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ 8 ಮೀಟರಿಗಿಂತ ಹೆಚ್ಚು ಮುಂದೆ ಹೋಗುತ್ತದೆ. ಮುಂದಿನ ರಿಕ್ಷಾದ ಬಾಲಕ್ಕೆ ಅಂಟಿಕೊಂಡು ಹೋಗುವವನು ತಿರುಗಿ ನೋಡುವುದರೊಳಗೆ ಅದಕ್ಕೆ ಗುದ್ದುತ್ತಾನೆ. ತಿರುಗಿ ನೋಡಬೇಕಾದರೆ ಮುಂದೆ ಜಾಗ ಬಿಟ್ಟಿರಬೇಕು. ನಮ್ಮ ಹುಡುಗನಿಗೆ ಆ ದಿನ ಆ ಜಾಗವೂ ಇರಲಿಲ್ಲ. ತಟ್ಟನೆ ನಿಂತ ರಿಕ್ಷಾದ ಹಿಂದೆ ಬ್ರೇಕು ಹಾಕಿ ನಿಲ್ಲುವಷ್ಟು ಅಂತರ ಇದ್ದಿದ್ದರೆ ಅವನು ಬಲಕ್ಕೆ ತಿರುಗಿಸಬೇಕಾಗಿಯೇ ಇರಲಿಲ್ಲ.

ಇತರರ ಕಂಬದ ಹಿಂದೆ ನಾವು

ನಮಗೆ ಕಾಣದ ಜಾಗ ಇರುವ ಹಾಗೆ ಲಾರಿ, ಬಸ್ಸಿನ ಡ್ರೈವರನಿಗೂ ಇದೆ, ಅವನದ್ದು ಇನ್ನೂ ದೊಡ್ಡದು. ಲಾರಿಯ ಮೂಗಿನ ಬುಡ, ಬೆನ್ನ ಹಿಂದೆ, ಎಡಮಗ್ಗುಲಿನಲ್ಲಿ ಕ್ಯಾಬಿನ್ನಿನ ಕೆಳಗೆ ನಿಂತ ಬೈಕು ಎತ್ತರದಲ್ಲಿ ಕುಳಿತ ಅವನಿಗೆ ಕಾಣದೇ ಹೋಗಬಹುದು. ಗುರುತು ಸುಲಭ: ಲಾರಿಯ ಕನ್ನಡಿಯಲ್ಲಿ ಡ್ರೈವರನ ಮುಖ ನಮಗೆ ಕಾಣದಿದ್ದರೆ, ಅವನಿಗೂ ನಾವು ಆ ಕನ್ನಡಿಯಲ್ಲಿ ಕಾಣುವುದಿಲ್ಲ.

ಘೋಡ್‌ಬಂದರ್ ರಸ್ತೆಯಲ್ಲಾಗಲಿ, ವಾಶಿ ಎ.ಪಿ.ಎಂ.ಸಿ. ಮಾರ್ಕೆಟಿಗೆ ಹೋಗುವ ಥಾಣೆ-ಬೇಲಾಪುರ ರಸ್ತೆಯಲ್ಲಾಗಲಿ ಕಂಟೇನರ್, ಟ್ಯಾಂಕರ್‌ಗಳ ಸಾಲು ನೋಡಿದವರಿಗೆ ಇದು ಅರ್ಥವಾದೀತು. ಉದ್ದದ ಗಾಡಿ ಎಡಕ್ಕೆ ತಿರುಗುವಾಗ ಮೊದಲು ಸ್ವಲ್ಪ ಬಲಕ್ಕೆ ಹೋಗಿ ಎಡಗಡೆ ಜಾಗ ಬಿಟ್ಟ ಹಾಗೆ ಕಾಣುತ್ತದೆ. ಹುಡುಗರು ಆ ಸಂದಿನಲ್ಲಿ ನುಗ್ಗುತ್ತಾರೆ. ಲಾರಿಯ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಕ್ಕೆ ಕೊಯ್ದುಕೊಂಡು ಬರುತ್ತದೆ. ಆ ಸಂದು ಕ್ಷಣದಲ್ಲಿ ಮುಚ್ಚಿಹೋಗುತ್ತದೆ. ಸಿಗ್ನಲಿನಲ್ಲಿ ನಿಂತಾಗಲೂ ಲಾರಿಯ ಎಡಬುಡಕ್ಕೆ ಹೋಗಿ ನಿಲ್ಲದೆ, ಅವನ ಹಿಂದೆ ಅಂತರ ಬಿಟ್ಟು ನಿಲ್ಲುವಂತೆ ಹುಡುಗರಿಗೆ ಹೇಳಿ.

ಮಾಲಕರ ಕೈಯಲ್ಲಿರುವುದು

ಪಾರ್ಸೆಲ್ ಚೀಲ ಬೆನ್ನಿಗಿಂತ ಅಗಲವಾಗಿದ್ದರೆ ಅದು ಕನ್ನಡಿಯ ನೋಟಕ್ಕೆ ಅಡ್ಡ ಬರುತ್ತದೆ. ಹಾಲಿನ ಕ್ಯಾನು, ತರಕಾರಿ ಗೋಣಿ ಎರಡೂ ಬದಿ ನೇತಾಡಿಸಿದರೆ ಗಾಡಿಯ ಅಗಲ ಹೆಚ್ಚಾಗಿ, ಕನ್ನಡಿಯಲ್ಲಿ ಜಾಗವಿದೆ ಎಂದು ಕಂಡಲ್ಲಿ ಜಾಗ ಇರುವುದಿಲ್ಲ. ಗಾಳಿಗೆ ಉಬ್ಬುವ ಸಡಿಲ ರೈನ್‌ಕೋಟಿನ ತೋಳು ಕನ್ನಡಿಯನ್ನು ಮುಚ್ಚುತ್ತದೆ. ಗೀರು ಬಿದ್ದ ಹೆಲ್ಮೆಟ್ ಗಾಜಿನಲ್ಲಿ ರಾತ್ರಿ ದೀಪಗಳು ಚದುರಿ ಏನೂ ಕಾಣುವುದಿಲ್ಲ. ಇವೆಲ್ಲ ಕೆಲವು ನೂರು ರೂಪಾಯಿಗಳ ವಿಷಯ. ನಮ್ಮಲ್ಲಿ ಈಗ ಕೀ ತೂಗುಹಾಕುವ ಮೊಳೆಯ ಪಕ್ಕದಲ್ಲೇ ಒಂದು ಒಣ ಬಟ್ಟೆ ಇದೆ. ಹೊರಡುವವನು ಎರಡೂ ಕನ್ನಡಿ ಒರೆಸಿಯೇ ಹೊರಡಬೇಕು.

ಕೊನೆಗೆ, ಕಾಣದ ಜಾಗ ಇನ್ನೊಂದಿದೆ, ಅದು ನಮ್ಮ ಬಾಯಲ್ಲಿದೆ. ಪಾರ್ಸೆಲ್ ಕೈಗೆ ಕೊಡುವಾಗ ನಾವೆಲ್ಲರೂ "ಬೇಗ ಹೋಗಿ ಬಾ" ಎನ್ನುತ್ತೇವೆ. ಸಾಂಬಾರು ಆರಿದರೆ ಗಿರಾಕಿ ಬೈಯುತ್ತಾನೆ, ನಿಜ. ಆದರೆ ತಿರುಗಿ ನೋಡುವುದಕ್ಕೆ ಹಿಡಿಯುವುದು ಒಂದು ಸೆಕೆಂಡು. ನಮ್ಮ "ಬೇಗ" ಎಂಬ ಮಾತು ಹುಡುಗನಿಂದ ಕಿತ್ತುಕೊಳ್ಳುವುದು ಆ ಒಂದು ಸೆಕೆಂಡನ್ನೇ.

ಆ ಹುಡುಗ ಗುಣವಾಗಿ ನಮ್ಮಲ್ಲಿಗೇ ಬಂದ. ಈಗ ಹೊಸದಾಗಿ ಸೇರುವವರಿಗೆ ಗಲ್ಲಿಯಲ್ಲಿ ಚಾಕ್‌ಪೀಸ್ ಹಿಡಿದು ಗೆರೆ ಎಳೆಸುವವನು ಅವನೇ. ಅವನ ತಾಯಿಗೆ ನಾವು ಫೋನ್ ಮಾಡಿ, ತಪ್ಪು ನಿಮ್ಮ ಮಗನದಲ್ಲ, ನಮ್ಮ ಕನ್ನಡಿಯದ್ದು ಎಂದು ಹೇಳಿದೆವು. ಆ ಫೋನ್ ಮಾಡಲು ನಮಗೆ ಹತ್ತು ದಿನ ಬೇಕಾಯಿತು. ಊರಿನಿಂದ ನಮ್ಮನ್ನು ನಂಬಿ ಕಳುಹಿಸಿದ ಮಕ್ಕಳು ಇವರು. ಸದಸ್ಯ ಬಾಂಧವರು ಈ ಸಂಚಿಕೆ ಓದಿದ ದಿನವೇ ತಮ್ಮ ಹೋಟೆಲಿನ ಬೈಕಿನ ಮೇಲೆ ಒಮ್ಮೆ ತಾವೇ ಕುಳಿತು ಕನ್ನಡಿಯಲ್ಲಿ ಏನು ಕಾಣುತ್ತದೆ ಎಂದು ನೋಡಬೇಕಾಗಿ ವಿನಂತಿ.