ಕಡಲಾಚೆಯ ಮದುವೆಗೆ ಕರೆಯೋಲೆ

2023ರ ಜನವರಿಯಲ್ಲಿ ನಮ್ಮ ಅಣ್ಣನ ಮೊಮ್ಮಗಳ ಲಗ್ನಪತ್ರಿಕೆ ಇಳಕಲ್ಲಿನಲ್ಲಿರುವ ನಮ್ಮ ಅಕ್ಕನ ಕೈ ಸೇರಿತು. ಕೊರಿಯರಿನವನು ತಂದುಕೊಟ್ಟ ಪೆಟ್ಟಿಗೆ. ಒಳಗೆ ಕಡಲಬಣ್ಣದ ದಪ್ಪ ಕಾಗದ, ಜೊತೆಗೊಂದು ಡಬ್ಬಿ ಒಣಹಣ್ಣು. ಮದುವೆ ಇಂಡೋನೇಷ್ಯದ ಬಾಲಿ ದ್ವೀಪದಲ್ಲಿ. ಎಪ್ಪತ್ತಾರು ವರ್ಷದ, ಪಾಸ್‌ಪೋರ್ಟನ್ನು ಕಣ್ಣಿನಿಂದಲೂ ಕಾಣದ ಅಕ್ಕ ಮೊಮ್ಮಗನಿಂದ ಅದನ್ನು ಎರಡು ಸಲ ಓದಿಸಿಕೊಂಡು, ನನಗೆ ಫೋನು ಮಾಡಿ ಕೇಳಿದ್ದು ಒಂದೇ ಮಾತು: "ತಮ್ಮಾ, ಇದು ನಮ್ಮನ್ನ ಕರದದ್ದೋ, ಬರಬ್ಯಾಡ್ರಿ ಅಂತ ತಿಳಿಸಿದ್ದೋ?"

ಆಮಂತ್ರಿತರ ಪಟ್ಟಿಯನ್ನು ಸಿದ್ಧಪಡಿಸಿದವನು ನಾನೇ. ಆದ್ದರಿಂದ ಆ ಪ್ರಶ್ನೆಗೆ ಉತ್ತರ ಕೊಡಬೇಕಾದವನೂ ನಾನೇ ಆಗಿದ್ದೆ. ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಭಾಗದಲ್ಲಿ ಮದುವೆಗೆ ಕರೆಯುವುದೆಂದರೆ ಪತ್ರಿಕೆಯನ್ನು ಮುಟ್ಟಿಸುವುದಷ್ಟೇ ಅಲ್ಲ. ಮೊದಲನೆಯ ಪತ್ರಿಕೆ ಮನೆದೇವರಿಗೆ, ಅನಂತರದ್ದು ಮಠಕ್ಕೆ. ಆಮೇಲೆ ಮನೆಯ ಹಿರಿಯ ದಂಪತಿಗಳು ಬಂಧುಗಳ ಮನೆಮನೆಗೆ ನಡೆದು, ಪತ್ರಿಕೆಯ ಮೂಲೆಗೆ ಅರಿಷಿಣ ಕುಂಕುಮ ಹಚ್ಚಿ, "ಅಕ್ಕಿಕಾಳಿಗೆ ತಪ್ಪದೆ ಬರ್ರಿ" ಎಂದು ಬಾಯಿಬಿಟ್ಟು ಹೇಳಿದಾಗಲೇ ಅದು ಕರೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿ, ಜನರು ನವನಗರದ ಸೆಕ್ಟರುಗಳಿಗೆ ಚದುರಿಹೋದ ಮೇಲೂ ನಮ್ಮ ಮನೆಯ ಪಟ್ಟಿ ಹಳೆಯ ಓಣಿಗಳ ಕ್ರಮದಲ್ಲಿಯೇ ಇದೆ. ಓಣಿ ನೀರಿಗೆ ಹೋಯಿತು, ಕರೆಯುವ ಹಕ್ಕು ಹೋಗಲಿಲ್ಲ. ಅಂಥ ಊರಿನವರ ಮನೆಗೆ ಪೆಟ್ಟಿಗೆಯೊಂದು ತಾನೇ ನಡೆದುಬಂದರೆ, ಅದನ್ನು ಹೇಗೆ ತೆಗೆದುಕೊಳ್ಳಬೇಕೆಂದು ಯಾರಿಗೂ ತಿಳಿಯುವುದಿಲ್ಲ.

ಮಕ್ಕಳನ್ನು ದೂರಿ ಫಲವಿಲ್ಲ. ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಬಸವೇಶ್ವರರ ಪ್ರತಿಮೆ 2015ರ ನವೆಂಬರ್ 14ರಂದು ಅನಾವರಣಗೊಂಡಿತೆಂದರೆ, ಅದನ್ನು ನೋಡಿ ಹೆಮ್ಮೆಪಡುವ ನಮ್ಮವರು ಅಲ್ಲಿ ಇದ್ದಾರೆ ಎಂದೇ ಅರ್ಥ. ಅವರ ಗೆಳೆಯರು ಮೂರು ದೇಶಗಳಲ್ಲಿ, ಬೀಗರು ನಾಲ್ಕನೆಯ ದೇಶದಲ್ಲಿ. ಮದುವೆಗಳನ್ನು ಸ್ವದೇಶದಲ್ಲಿಯೇ ಮಾಡಿರೆಂದು ಪ್ರಧಾನಿಯವರು 2023ರ ನವೆಂಬರ್ ತಿಂಗಳ ಬಾನುಲಿ ಭಾಷಣದಲ್ಲಿ ಕರೆಕೊಟ್ಟದ್ದನ್ನು ನಮ್ಮಲ್ಲಿ ಹಲವರು ಉದಾಹರಿಸುತ್ತಾರೆ. ಮಾತು ಒಪ್ಪತಕ್ಕದ್ದೇ. ಆದರೆ ಹೊರಗೆ ಮಾಡುವುದೆಂದು ನಿಶ್ಚಯವಾದ ಮನೆಯವರು ಏನು ಮಾಡಬೇಕು? ಈ ಲೇಖನ ಅವರಿಗಾಗಿ.

ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಆರುನೂರು ಮನೆಗಳಿಗೆ ಒಂದೇ ಪತ್ರಿಕೆ ಕಳುಹಿಸಿದೆ. ಬಾಲಿಗೆ ಹೋದವರು ಐವತ್ತೆಂಟು ಜನ. ಉಳಿದವರು ಬರಲಾರರೆಂದು ತಿಳಿದಿದ್ದೂ ಕರೆದೆ. ವಿಮಾನದ ಖರ್ಚು ಯಾರದು, ಅಲ್ಲಿಯ ವಸತಿ ಯಾರದು ಎಂಬುದನ್ನು ಬರೆಯಲು ಸಂಕೋಚಪಟ್ಟೆ. ನನ್ನ ಸಂಕೋಚದ ಭಾರವನ್ನು ಹೊತ್ತವರು ಬಂಧುಗಳು, ಒಬ್ಬ ಸೋದರಳಿಯ "ಎಷ್ಟಾಗ್ತೈತಿ ಮಾಮಾ?" ಎಂದು ಕೇಳಲಾರದೆ ಸಾಲ ಮಾಡಿ ಟಿಕೀಟು ತೆಗೆಸಿದ್ದನೆಂದು ಆಮೇಲೆ ತಿಳಿಯಿತು.

ಇನ್ನೊಂದು ಪ್ರಸಂಗ ವಿಮಾನ ನಿಲ್ದಾಣದಲ್ಲಿ. ಉಡಿ ತುಂಬಲೆಂದು ಒಯ್ಯುತ್ತಿದ್ದ ಹನ್ನೊಂದು ಕೊಬ್ಬರಿ ಬಟ್ಟಲುಗಳನ್ನು ಸಿಬ್ಬಂದಿಯವರು ಹೊರತೆಗೆಸಿದರು. ಜೊತೆಗೆ ಕರ್ಪೂರ, ಕಡ್ಡಿಪೆಟ್ಟಿಗೆ. ಎಣ್ಣೆಯಂಶದಿಂದ ಒಣಕೊಬ್ಬರಿ ತಾನಾಗಿ ಬಿಸಿಯೇರಬಲ್ಲದು, ಕರ್ಪೂರವಂತೂ ಹೊತ್ತಿಕೊಳ್ಳುವ ವಸ್ತು. ಆದುದರಿಂದ ಇವು ವಿಮಾನದ ಸಾಮಾನಿನಲ್ಲಿ ನಿಷಿದ್ಧ. ಅವರದು ನ್ಯಾಯವೇ. ತೆಂಗಿನ ನಾಡಾದ ಬಾಲಿಯಲ್ಲಿ ಹಸಿಕಾಯಿಯ ಹೋಳಿನಿಂದ ಉಡಿ ತುಂಬಿ ಮುಗಿಸಿದೆವು. ತುಂಬಿದವರು ಯಾರೋ, ಮೂರು ತಲೆಮಾರಿನ ಹೆಣ್ಣುಮಕ್ಕಳ ಉಡಿ ತುಂಬಿದ ಅಕ್ಕ ಇಳಕಲ್ಲಿನಲ್ಲಿ ಕುಳಿತಿದ್ದಳು.

ಆ ರಾತ್ರಿ ನನಗೆ ಹೊಳೆದದ್ದು ಇಷ್ಟು: ಮದುವೆಯ ಕೆಲವು ವಸ್ತುಗಳು ವಿಮಾನ ಏರುವುದಿಲ್ಲ, ಕೆಲವು ಹಿರಿಯರೂ ಏರುವುದಿಲ್ಲ. ಹಾಗಿದ್ದರೆ ಆ ವಸ್ತುಗಳಿಂದ ಆಗಬೇಕಾದ ಕಾರ್ಯವನ್ನು ಆ ಹಿರಿಯರ ಕೈಯಿಂದ ಊರಲ್ಲಿಯೇ ಮೊದಲು ಮುಗಿಸಿ ಹೊರಡಬೇಕು. ಪರದೇಶದಿಂದ ಮರಳಿದ ಮೇಲೆ ಒಂದು ಸಂಜೆ ಊಟ ಹಾಕಿಸುವುದು ಈಗಿನ ರೂಢಿ. ಅದು ನನಗೆ ಸಮ್ಮತವಿಲ್ಲ; ಮುಗಿದ ಮದುವೆಯ ಊಟಕ್ಕೆ ಹಿರಿಯರನ್ನು ಕರೆಯುವುದೆಂದರೆ ಅವರನ್ನು ಅತಿಥಿಗಳನ್ನಾಗಿ ಮಾಡಿದಂತೆ. ಅವರು ಅತಿಥಿಗಳಲ್ಲ, ಮನೆಯವರು.

2025ರಲ್ಲಿ ಇನ್ನೊಬ್ಬ ಮೊಮ್ಮಗಳ ಮದುವೆ ಸಿಂಗಪುರದಲ್ಲಿ ಗೊತ್ತಾದಾಗ ಪಟ್ಟಿಯನ್ನು ಮತ್ತೆ ನನಗೇ ಒಪ್ಪಿಸಿದರು. ಈ ಸಲ ಎರಡು ಪತ್ರಿಕೆ ಅಚ್ಚುಹಾಕಿಸಿದೆ. ದೊಡ್ಡ ಪತ್ರಿಕೆ ಬಾಗಲಕೋಟೆಯದು: ದೇವರ ಕಾರ್ಯ, ಅರಿಷಿಣ, ಸುರಗಿ, ಉಡಿ ತುಂಬುವುದು, ಹಿರಿಯರ ಆಶೀರ್ವಾದ, ಪ್ರಸಾದ. ಅದನ್ನು ಅಣ್ಣ ಅತ್ತಿಗೆ ಮನೆಮನೆಗೆ ಹೋಗಿ ಕೊಟ್ಟರು. ಸಿಂಗಪುರದ್ದು ಒಂದೇ ಹಾಳೆ. ಅದನ್ನು ಕೊಡುವ ಆರು ತಿಂಗಳು ಮೊದಲೇ ನಲವತ್ತು ಜನರನ್ನು ಮುಖತಃ ಕೇಳಿಯಾಗಿತ್ತು. ಅದರಲ್ಲಿ ನೇರವಾಗಿ ಬರೆದೆವು: ವಿಮಾನದ ಖರ್ಚು ಬರುವವರದು, ಇಳಿದಂದಿನಿಂದ ಹೊರಡುವವರೆಗೆ ವಸತಿ ಊಟ ನಮ್ಮದು, ಆಹೇರಿ ಬೇಡ. ಇಪ್ಪತ್ತಾರು ಜನ ಬರುವೆವೆಂದರು. ಬರಲಾರೆವೆಂದವರ ಮುಖದಲ್ಲಿ ಬೇಸರವಿರಲಿಲ್ಲ, ಅವರಿಗಾಗಿ ದೊಡ್ಡ ಪತ್ರಿಕೆ ಇತ್ತಲ್ಲ!

ಆರು ತಿಂಗಳೆಂದದ್ದು ಪಾಸ್‌ಪೋರ್ಟಿನ ಸಲುವಾಗಿ. ನಮ್ಮ ಹಿರಿಯರಿಗೆ ಇರುವ ತೊಡಕು ವಯಸ್ಸಿನದಕ್ಕಿಂತ ಹೆಸರಿನದು. ಆಧಾರಿನಲ್ಲಿ ಅಡ್ಡಹೆಸರು ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಹೆಣ್ಣುಮಕ್ಕಳಿಗೆ ತವರಿನದೊಂದು, ಗಂಡನ ಮನೆಯದೊಂದು. ಅಡ್ಡಹೆಸರೇ ಇಲ್ಲದೆ ಒಂಟಿ ಹೆಸರಿದ್ದರೆ ದುಬೈಯಂಥ ಕಡೆ ಪ್ರವಾಸ ವೀಸಾದವರಿಗೆ ತೊಂದರೆ. ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರಿನಲ್ಲಿ ಈ ಬಗ್ಗೆ ನಿಯಮ ಬಿಗಿಗೊಳಿಸಿತು. ಮೊದಲು ಹೆಸರನ್ನು ಒಂದುಮಾಡಿಕೊಂಡು, ಆಮೇಲೆ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗುವುದು ಕ್ಷೇಮ. ಪಾಸ್‌ಪೋರ್ಟ್ ಇದ್ದವರೂ ಅವಧಿಯನ್ನು ನೋಡಿಕೊಳ್ಳಬೇಕು. ಅನೇಕ ದೇಶಗಳು ಪ್ರವೇಶದ ದಿನಕ್ಕೆ ಇನ್ನೂ ಆರು ತಿಂಗಳು ಉಳಿದಿರಬೇಕೆಂದು ಕೇಳುತ್ತವೆ.

ದಿನವನ್ನು ಗೊತ್ತುಮಾಡುವಾಗ ನಮ್ಮ ಪಂಚಾಂಗದ ಜೊತೆಗೆ ಅಲ್ಲಿಯ ಪಂಚಾಂಗವನ್ನೂ ನೋಡಬೇಕು. ಬಾಲಿಯಲ್ಲಿ ಶಕವರ್ಷದ ಮೊದಲ ದಿನ 'ನ್ಯೇಪಿ' ಎಂಬ ಮೌನವ್ರತ. ಅಂದು ಇಡೀ ದ್ವೀಪ ಸ್ತಬ್ಧ, ವಿಮಾನ ನಿಲ್ದಾಣ ಸಹ ಇಪ್ಪತ್ನಾಲ್ಕು ಗಂಟೆ ಮುಚ್ಚಿರುತ್ತದೆ. 2023ರಲ್ಲಿ ಅದು ನಮ್ಮ ಯುಗಾದಿಯ ದಿನವೇ, ಮಾರ್ಚ್ 22ರಂದೇ ಬಂದಿತ್ತು. ಯುಗಾದಿ ಶುಭದಿನವೆಂದು ಅಂದು ಹೊರಟಿದ್ದರೆ ಇಳಿಯಲು ನೆಲವೇ ಇರುತ್ತಿರಲಿಲ್ಲ.

ಕಾನೂನಿನ ಮಾತು ಚಿಕ್ಕದು. 1955ರ ಹಿಂದೂ ವಿವಾಹ ಅಧಿನಿಯಮವು ವೀರಶೈವ, ಲಿಂಗಾಯತ ಎಂದು ಹೆಸರಿಸಿಯೇ ನಮ್ಮನ್ನು ಒಳಗೊಂಡಿದೆ. ಹೊರದೇಶದ ನಮ್ಮ ದೂತಾವಾಸದಲ್ಲಿ 1969ರ ವಿದೇಶಿ ವಿವಾಹ ಅಧಿನಿಯಮದಂತೆ ಮದುವೆಯಾಗಬೇಕಾದರೆ, ವಧುವರರಲ್ಲಿ ಒಬ್ಬರಾದರೂ ನೋಟೀಸಿಗೆ ಮುಂಚಿನ 30 ದಿನ ಅಲ್ಲಿ ವಾಸವಾಗಿರಬೇಕು. ನಾಲ್ಕು ದಿನಕ್ಕೆ ಹೋಗುವವರಿಗೆ ಇದು ಆಗದ ಕೆಲಸ. ಊರಲ್ಲಿ ವಿಧಿಪೂರ್ವಕ ಮದುವೆ, ನೋಂದಣಿ ಎರಡನ್ನೂ ಮುಗಿಸಿಕೊಂಡು ಹೋಗುವವರು ಆದುದರಿಂದಲೇ ಹೆಚ್ಚು. ಬಂಗಾರ ಒಯ್ಯುವವರು ಹೊರಡುವಾಗಲೇ ವಿಮಾನ ನಿಲ್ದಾಣದ ಸುಂಕದ ಕಚೇರಿಯಲ್ಲಿ ಒಡವೆಗಳನ್ನು ತೋರಿಸಿ ಪ್ರಮಾಣಪತ್ರ ಪಡೆಯಬೇಕು. ಇಲ್ಲವಾದರೆ ಮರಳುವಾಗ ಅಜ್ಜಿಯ ಕಾಲದ ಸರವೂ ಹೊಸದಾಗಿ ಕೊಂಡದ್ದೆಂದು ಪ್ರಶ್ನೆಗೆ ಒಳಗಾಗುತ್ತದೆ.

ಬುತ್ತಿಯ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳು ಕೇಳುವವರಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಎಲ್ಲಿಯೂ ಕೆಡುವುದಿಲ್ಲ, ನಿಜ. ಆದರೆ ಗಸಗಸೆಯ ವಿಷಯದಲ್ಲಿ ಎಚ್ಚರ: ಸಿಂಗಪುರದಲ್ಲಿಯೂ ಕೊಲ್ಲಿಯ ಕೆಲವು ದೇಶಗಳಲ್ಲಿಯೂ ಅದು ಮಾದಕವಸ್ತುವಿನ ಕಾನೂನಿಗೆ ಒಳಪಡುತ್ತದೆ. ಗಸಗಸೆ ಬೆರೆಸಿದ ಕರ್ಚಿಕಾಯಿಯ ಡಬ್ಬಿಯನ್ನು ಅತ್ತಿಗೆಯ ಚೀಲದಿಂದ ಹೊರಡುವ ಹಿಂದಿನ ರಾತ್ರಿ ನಾನೇ ತೆಗೆದಿಟ್ಟೆ. ಎರಡು ದಿನ ಮಾತು ಬಿಟ್ಟರು. ಹಿರಿಯರ ಬೆಳ್ಳಿಯ ಕರಡಿಗೆ ತಪಾಸಣೆಯ ಬಾಗಿಲಲ್ಲಿ ಸದ್ದು ಮಾಡುತ್ತದೆ. ಇಷ್ಟಲಿಂಗವೆಂದು ಮೊದಲೇ ಶಾಂತವಾಗಿ ತಿಳಿಸಿ, ಬೇರೆಯಾಗಿ ತಪಾಸಣೆ ಮಾಡಿರೆಂದು ಕೇಳಿಕೊಳ್ಳಬಹುದು. ನಡೆಯಲಾರದವರಿಗೆ ಗಾಲಿಕುರ್ಚಿಯನ್ನು ಕನಿಷ್ಠ 48 ಗಂಟೆ ಮೊದಲು ಹೇಳಿಡಬೇಕು. ವಿದೇಶದ ಹೋಟೆಲುಗಳ ಒಟ್ಟು ದರದಲ್ಲಿ ಮದ್ಯವೂ ಸೇರಿರುವುದುಂಟು. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ದುಶ್ಚಟಗಳನ್ನೇ ಭಿಕ್ಷೆ ಬೇಡಿದ ನಾಡಿನವರು ನಾವು. ಕರಾರಿನಲ್ಲಿಯೇ ಅದನ್ನು ಬಿಡಿಸಿ, ಆ ಹಣಕ್ಕೆ ಎರಡು ಹೊತ್ತು ಸಸ್ಯಾಹಾರದ ಊಟ ಹೆಚ್ಚಿಸಿಕೊಂಡೆವು.

ಬಾಗಲಕೋಟೆಯ ಕಾರ್ಯ ಒಂದು ರವಿವಾರ ಮುಗಿಯಿತು. ಹುಡುಗನೂ ಒಂದು ವಾರ ಮೊದಲೇ ಬಂದಿದ್ದ. ಅಕ್ಕ ಇಳಕಲ್ಲಿನಿಂದ ಬಂದು ಸುರಗಿಯ ನೀರೆರೆದಳು, ಹನ್ನೊಂದು ಕೊಬ್ಬರಿ ಬಟ್ಟಲು ಇಟ್ಟು ಉಡಿ ತುಂಬಿದಳು. ಎಲ್ಲ ಆದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು: "ಇಷ್ಟೆಲ್ಲಾ ಇಲ್ಲೇ ಆದ ಮ್ಯಾಲ, ತಾಳಿ ಕಟ್ಟಾಕಷ್ಟ ವಿಮಾನ ಯಾಕ ತಮ್ಮಾ?"

ಹುಡುಗನ ತಾಯಿಗೆ ಸಿಂಗಪುರದ ಆಸ್ಪತ್ರೆಯಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು, ಆಕೆ ಊರು ಬಿಟ್ಟು ಬರುವಂತಿಲ್ಲ ಎಂದು ವಿವರಿಸಿದೆ. ಈ ಸಂಗತಿಯನ್ನು ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ತನಗೆ ಉಡಿಸಿದ್ದ ಹೊಸ ಇಳಕಲ್ಲ ಸೀರೆಯನ್ನು ಬದಲಿಸಿ ಮಡಚಿ, ಗುಳೇದಗುಡ್ಡದ ಒಂದು ಖಣವನ್ನು ಅದರ ಮೇಲಿಟ್ಟು ನನ್ನ ಕೈಗೆ ಕೊಟ್ಟಳು.

"ಬೀಗಿತ್ತಿಗೆ ನಾ ಕಳಿಸೀನಿ ಅಂತ ಹೇಳು. ಕೊಬ್ಬರಿ ಇಡಬ್ಯಾಡ, ಅಲ್ಲಿ ಕಸಗೊಂತಾರ."