ಮನಸ್ಸಿನ ಚಿಕಿತ್ಸೆ: ಹೋಗಬೇಕೋ ಬೇಡವೋ?

ಹೋಟೆಲಿನ ಫ್ರಿಜ್ಜಿನ ಶಬ್ದ ಸ್ವಲ್ಪ ಬದಲಾದರೂ ನಾವು ಮೆಕ್ಯಾನಿಕ್‌ಗೆ ಫೋನು ಮಾಡುತ್ತೇವೆ. ಹಾಲು ಕೆಡುವವರೆಗೆ ಕಾಯುವುದಿಲ್ಲ. ಆದರೆ ನಮ್ಮ ಮನಸ್ಸೇ ಕೆಟ್ಟರೆ ವರ್ಷಗಟ್ಟಲೆ ಕಾಯುತ್ತೇವೆ.

2020ರ ಲಾಕ್‌ಡೌನ್ ಕಳೆದು ಹೋಟೆಲು ತೆರೆದ ಮೇಲೆ ನಮಗೂ ಹೀಗೇ ಆಯಿತು. ವ್ಯಾಪಾರ ಮೆಲ್ಲಗೆ ಸುಧಾರಿಸಿತು, ನಾವು ಸುಧಾರಿಸಲಿಲ್ಲ. ರಾತ್ರಿ ಹನ್ನೆರಡಕ್ಕೆ ಮಲಗಿದರೆ ಮೂರಕ್ಕೇ ಎಚ್ಚರ. ಗಲ್ಲಾದಲ್ಲಿ ಒಂದೇ ಲೆಕ್ಕವನ್ನು ನಾಲ್ಕು ಸಲ ಕೂಡಿಸುವುದು. ಇಪ್ಪತ್ತು ವರ್ಷ ಜೊತೆಗಿದ್ದ ಭಟ್ಟರಿಗೆ ಸಾಂಬಾರಿನ ಉಪ್ಪಿನ ವಿಷಯಕ್ಕೆ ಗಿರಾಕಿಗಳ ಎದುರೇ ಬೈದೆವು. ಅವರು ಬೈರಾಸು ಕೊಡವಿ ಊರಿನ ಬಸ್ಸು ಹತ್ತಿದರು. "ಯಾರಿಗಾದರೂ ತೋರಿಸಿ" ಎಂದು ಮನೆಯವರು ಹೇಳಿದರು. "ನಮಗೇನು ಹುಚ್ಚೇ?" ಎಂದು ಎಂಟು ತಿಂಗಳು ಮುಂದೂಡಿದೆವು.

ಹೋಗಬೇಕೋ ಬೇಡವೋ ಎಂಬುದಕ್ಕೆ ವೈದ್ಯರು ಹೇಳುವ ಅಳತೆ ಸರಳ. ಬೇಸರ, ಆತಂಕ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ಹೆಚ್ಚುಕಡಿಮೆ ದಿನವೂ ಇದ್ದು, ನಿದ್ದೆ, ಊಟ, ಕೆಲಸ ಕೆಡುತ್ತಿದ್ದರೆ ತೋರಿಸಬೇಕು. ಕುಡಿತ ಹೆಚ್ಚಾದರೂ ಅಷ್ಟೇ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬಾರದು, ಆ ದಿನವೇ ಹೇಳಬೇಕು. ಇಷ್ಟೆಲ್ಲ ಇಲ್ಲದಿದ್ದರೂ ಸಾಲದ ಚಿಂತೆ, ಪಾಲುದಾರರ ಜಗಳ, ಮನೆಯ ಸಾವು ತಲೆ ತಿನ್ನುತ್ತಿದ್ದರೆ ಕೌನ್ಸೆಲರ್ ಬಳಿ ಮಾತಾಡಬಹುದು.

ಮೊದಲು ಫ್ಯಾಮಿಲಿ ಡಾಕ್ಟರಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್ ತೊಂದರೆ, ಬಿ12 ಕೊರತೆಯಿಂದಲೂ ಮನಸ್ಸು ಕುಗ್ಗುತ್ತದೆ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಓದಿದ ವೈದ್ಯರು, ಔಷಧ ಕೊಡುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಮೂಲಕ ಚಿಕಿತ್ಸೆ ಮಾಡುತ್ತಾರೆ. ಬೋರ್ಡು ನೋಡಿ ನಂಬಬೇಡಿ, ಏನು ಓದಿದ್ದಾರೆ ಎಂದು ಕೇಳಿ. ಒಂದು ಸಲಕ್ಕೆ ಮುಕ್ಕಾಲು ಗಂಟೆ ಬೇಕಾಗುತ್ತದೆ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಹೋಗಿ ಬರಬಹುದು. ಒಮ್ಮೆ ಹೋದರೆ ಜೀವನಪೂರ್ತಿ ಹೋಗಬೇಕೆಂದೇನೂ ಇಲ್ಲ. ಮೂರು ನಾಲ್ಕು ಸಲ ಹೋದರೂ ಮನಸ್ಸಿಗೆ ಒಗ್ಗದಿದ್ದರೆ ಬೇರೆಯವರನ್ನು ನೋಡಬಹುದು.

ಪರಊರಿನಲ್ಲಿರುವ ನಮಗೆ ಭಾಷೆಯದೂ ಕಷ್ಟ. ಗಿರಾಕಿಯ ಜೊತೆ ಹಿಂದಿ ಸಾಕು, ಮನಸ್ಸಿನ ಮಾತಿಗೆ ಸಾಲದು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್‌ಗೆ 14416 ನಂಬರಿನಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಮಾತಾಡಬಹುದು. ಈ ನಂಬರನ್ನು ಹುಡುಗರ ಕೋಣೆಯ ಗೋಡೆಗೂ ಅಂಟಿಸಿ. ಮನೆ ಬಿಟ್ಟು ಬಂದ ಆ ಮಕ್ಕಳಿಗೂ ಮನಸ್ಸಿದೆ.

ಚಿಕಿತ್ಸೆ ಶುರುವಾದ ಕೆಲವು ತಿಂಗಳ ಮೇಲೆ ನಾವೇ ಭಟ್ಟರಿಗೆ ಫೋನು ಮಾಡಿ ತಪ್ಪಾಯಿತು ಎಂದೆವು. ಅವರು ಕೆಲಸಕ್ಕೆ ಮರಳಲಿಲ್ಲ, ಆದರೆ ಮಗಳ ಮದುವೆಯ ಕರೆಯೋಲೆ ಕಳುಹಿಸಿದರು. ಎಂಟು ತಿಂಗಳು ಮೊದಲೇ ಹೋಗಿದ್ದರೆ ಅವರು ಇಂದಿಗೂ ನಮ್ಮ ಅಡುಗೆಮನೆಯಲ್ಲೇ ಇರುತ್ತಿದ್ದರೇನೋ. ನೀವು ಅಷ್ಟು ತಡ ಮಾಡಬೇಡಿ.