ಎರಡು ಫ್ಯಾನು, ಎರಡರಷ್ಟು ಗಾಳಿಯೇ?

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ರಭಸದಿಂದ ವಿದ್ಯುಚ್ಛಕ್ತಿಯನ್ನು ಪಡೆದು, 1902ರಲ್ಲಿ ಅದನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದ ಸಂಗತಿ ನಮ್ಮ ಮಂಡ್ಯದ ಕಡೆಯ ವಿದ್ಯಾರ್ಥಿಗಳಿಗೆ ತಿಳಿದೇ ಇದೆ. 2001ರಲ್ಲಿ ಮುಚ್ಚಲ್ಪಟ್ಟ ಆ ಗಣಿಗಳ ಪೈಕಿ ಚಾಂಪಿಯನ್ ರೀಫ್ ಎಂಬುದು 3 ಕಿಲೋಮೀಟರಿಗೂ ಹೆಚ್ಚು ಆಳವಾಗಿತ್ತು. ಅಷ್ಟು ಆಳದಲ್ಲಿ ಬಂಡೆಯ ಉಷ್ಣತೆಯು 60 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಮೇಲಿನ ಗಾಳಿಯನ್ನು ಬಲವಂತವಾಗಿ ಕೆಳಗಿಳಿಸದಿದ್ದರೆ ಅಲ್ಲಿ ಮನುಷ್ಯನು ದುಡಿಯುವುದಿರಲಿ, ಬದುಕುವುದೇ ಕಷ್ಟ.

ಒಂದು ಫ್ಯಾನು ಸಾಲದಿದ್ದರೆ ಇನ್ನೊಂದನ್ನು ಹೂಡಿದರಾಯಿತು ಎಂದು ತೋರಬಹುದು. ಗಾಳಿಯ ಲೆಕ್ಕ ಅಷ್ಟು ಸರಳವಲ್ಲ. ಸುರಂಗದ ಗೋಡೆಗಳೂ ತಿರುವುಗಳೂ ಪ್ರವಾಹಕ್ಕೆ ಅಡ್ಡಿಮಾಡುತ್ತವೆ. ಪ್ರವಾಹವು ಎರಡರಷ್ಟಾದರೆ ಈ ರೋಧವನ್ನು ಗೆಲ್ಲಲು ಬೇಕಾದ ಒತ್ತಡವು ನಾಲ್ಕರಷ್ಟಾಗುತ್ತದೆ. ಫ್ಯಾನಿನ ಸ್ವಭಾವವಾದರೋ ಸಾಮಾನ್ಯವಾಗಿ ಇದಕ್ಕೆ ವಿರುದ್ಧ. ಹೆಚ್ಚು ಗಾಳಿಯನ್ನು ಸಾಗಿಸಿದಷ್ಟೂ ಅದು ಕೊಡಬಲ್ಲ ಒತ್ತಡ ಇಳಿಯುತ್ತದೆ. ಇವೆರಡೂ ಸರಿದೂಗುವಲ್ಲಿ ಪ್ರವಾಹವು ನೆಲೆಗೊಳ್ಳುತ್ತದೆ.

ವಾಚಕರು ಕಾಗದ ಪೆನ್ಸಿಲುಗಳನ್ನು ತೆಗೆದುಕೊಳ್ಳಲಿ. ಪ್ರವಾಹವನ್ನು 'ಪ್ರ' ಎನ್ನೋಣ. ಫ್ಯಾನು ಕೊಡುವ ಒತ್ತಡ 100 − ಪ್ರ², ಸುರಂಗ ಬೇಡುವ ಒತ್ತಡ 3ಪ್ರ² ಎಂದಿಟ್ಟುಕೊಂಡರೆ, ಒಂದೇ ಫ್ಯಾನಿಗೆ ಪ್ರ = 5. ಅಂತಹುದೇ ಇನ್ನೊಂದನ್ನು ಪಕ್ಕದಲ್ಲಿ, ಎಂದರೆ ಸಮಾಂತರವಾಗಿ, ಇಟ್ಟರೆ ಪ್ರತಿಯೊಂದೂ ಅರ್ಧ ಗಾಳಿಯನ್ನು ಹೊರುತ್ತದೆ; ಆಗ ಪ್ರ = 5.55. ಎರಡನೆಯ ಫ್ಯಾನಿನಿಂದ ದೊರೆತ ಲಾಭ ನೂರಕ್ಕೆ 11 ಮಾತ್ರ! ಅವನ್ನೇ ಒಂದರ ಹಿಂದೊಂದು ಇಟ್ಟರೆ ಒತ್ತಡಗಳು ಕೂಡಿಕೊಂಡು ಪ್ರ = 6.32 ಆಗುತ್ತದೆ. ನೀಳವೂ ಇಕ್ಕಟ್ಟೂ ಆದ ಗಣಿಮಾರ್ಗಗಳಲ್ಲಿ ಮೇಲಿನ ದೊಡ್ಡ ಫ್ಯಾನಿಗೆ ನೆರವಾಗಿ ನೆಲದೊಳಗೆ ಮತ್ತೊಂದನ್ನು ಸರಣಿಯಲ್ಲಿ ಹೂಡುವುದು ಇದಕ್ಕಾಗಿಯೇ. ಆದರೆ ಈ ನೆರವಿನ ಫ್ಯಾನು ಅತಿ ಬಲಶಾಲಿಯಾದರೆ ಅದೂ ಕೇಡೇ. ಬಳಸಿ ಕೆಟ್ಟ ಗಾಳಿಯು ಬಾಗಿಲುಗಳ ಸಂದಿನಿಂದ ಹಿಂದಿರುಗಿ ಕೆಲಸಗಾರರ ಉಸಿರಿಗೇ ಮರಳಿ ಬರುತ್ತದೆ.

ಮದ್ದೂರು, ಮಳವಳ್ಳಿಗಳ ರೇಷ್ಮೆಹುಳು ಸಾಕುವ ಮನೆಯ ಸ್ಥಿತಿ ಬೇರೆ. ನಾಲ್ಕನೆಯ ಜ್ವರದಿಂದ ಎದ್ದ (ಪೊರೆಬಿಡುವುದಕ್ಕೆ ನಮ್ಮ ರೈತರು ಇಟ್ಟ ಹೆಸರು ಜ್ವರ) ಹುಳುಗಳು ಬಿಸಿಯನ್ನೂ ತೇವವನ್ನೂ ಸಹಿಸಲಾರವು. ಗಾಳಿಯಾಡದಿದ್ದರೆ ರೋಗ ತಗಲಿ ಬೆಳೆಯೇ ಹಾಳಾದೀತು. ಕಿಟಕಿಗಳು ತೆರೆದಿದ್ದು, ರೋಧವು ಮೇಲಿನ ಉದಾಹರಣೆಯ ಒಂಬತ್ತನೆಯ ಒಂದು ಪಾಲಾಗಿದ್ದರೆ ಒಂದು ಫ್ಯಾನಿಗೆ 8.66, ಸರಣಿಯ ಎರಡಕ್ಕೆ 9.26, ಸಮಾಂತರದ ಎರಡಕ್ಕೆ 13.1. ಇಲ್ಲಿ ಗೋಡೆಯಲ್ಲಿ ಪಕ್ಕಪಕ್ಕದ ಫ್ಯಾನುಗಳೇ ಸರಿ. ಊಜಿ ನೊಣದ ಭಯದಿಂದ ಕಿಟಕಿಗಳನ್ನೆಲ್ಲ ಮುಚ್ಚಿ, ಒಂದಕ್ಕೆ ಮಾತ್ರ ಸಣ್ಣ ಕಣ್ಣಿನ ಬಲೆ ಕಟ್ಟಿ ಬಿಟ್ಟರೆ ಮನೆಯು ಗಣಿಯ ಸುರಂಗದಂತಾಗುತ್ತದೆ. ಆಗ ಎರಡನೆಯ ಫ್ಯಾನಿಗೆ ತೆತ್ತ ಹಣ ಬಹುಮಟ್ಟಿಗೆ ವ್ಯರ್ಥ. ಬಲೆ ಕಟ್ಟಿದ ಕಿಟಕಿಗಳನ್ನೇ ಹೆಚ್ಚಿಸಬೇಕು.

ಇನ್ನೊಂದು ತೊಡಕಿದೆ. ಎರಡರಲ್ಲಿ ಒಂದು ಫ್ಯಾನು ಕೆಟ್ಟು ನಿಂತರೆ ಹೊರಗಾಳಿಯು ಅದರ ಕಂಡಿಯಿಂದಲೇ ಒಳನುಗ್ಗಿ ಪಕ್ಕದ ಫ್ಯಾನಿನ ಮೂಲಕ ಹೊರಟುಹೋಗುತ್ತದೆ. ಹುಳುಗಳ ತಟ್ಟೆಗಳತ್ತ ಅದು ಸುಳಿಯುವುದೇ ಅಪರೂಪ. ಪ್ರತಿ ಕಂಡಿಗೂ ಹೊರಮುಖವಾಗಿ ಮಾತ್ರ ತೆರೆಯುವ ಹಗುರವಾದ ತಗಡಿನ ಮುಚ್ಚಳವನ್ನು ತೂಗುಬಿಟ್ಟರೆ, ಫ್ಯಾನು ನಿಂತೊಡನೆ ಅದು ತಾನೇ ಮುಚ್ಚಿಕೊಳ್ಳುತ್ತದೆ.